ಅಜ್ಜನ ಬಯೊನೆಟ್‌ಗೆ ಉಂಗುರ ಇತ್ತೇ?

ಕಳೆದ ಭಾನುವಾರ ಬಾಂಗ್ಸಾರ್‌ನ ಒಂದು ಫ್ಲ್ಯಾಟಿನಲ್ಲಿ, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಜರ್ಮನ್ ಬಯೊನೆಟ್ ಹಿಡಿದು ಕೂತಿದ್ದೆ.

ಗಾಬರಿಯಾಗಬೇಡಿ. ಬಯೊನೆಟ್ ನನ್ನದಲ್ಲ. (ಚಹಾ ಕೂಡ ನನ್ನದಲ್ಲ. ಗೆಳೆಯ ಇಮ್ತಿಯಾಜ್ ಕೆಳಗಿನ ಮಾಮಕ್ ಚಹಾ ಅಂಗಡಿಯಿಂದ ತಪಾವ್ ಮಾಡಿ, ಅಂದರೆ ಇಲ್ಲಿಯ ಮಲೇಷಿಯನ್ ಮಾತಲ್ಲಿ ಪಾರ್ಸೆಲ್ ಕಟ್ಟಿಸಿ, ತಂದಿದ್ದು.)

ಇಮ್ತಿಯಾಜ್ ಹುಬ್ಬಳ್ಳಿಯವನು, ಎಂಜಿನಿಯರ್. ಬೇರೆಯವರು ಗೋಲ್ಫ್ ಆಡಿದರೆ ಈತ ಹಳೆಯ ಜರ್ಮನ್ ಬಯೊನೆಟ್ ಕೂಡಿಡುತ್ತಾನೆ. ಬಂದೂಕಿನ ಮೂತಿಗೆ ಸಿಕ್ಕಿಸುವ ಆ ಚೂರಿಗಳಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಕೂಸಿನ ಹಾಗೆ ಮಲಗಿಸುತ್ತಾನೆ.

ನಾನು ಹೋಗಿದ್ದು ನನ್ನ ಅಜ್ಜನ ಕೇಸು ಹಿಡಿದುಕೊಂಡು.

ಅಜ್ಜ ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಅಡುಗೆಯವರಾಗಿ ಆಫ್ರಿಕಾಕ್ಕೆ ಹೋಗಿದ್ದರಂತೆ. ಅಲ್ಲಿಂದ ಜರ್ಮನ್ ಬಯೊನೆಟ್ ತಂದರಂತೆ. ಸೌಟು ಹಿಡಿದವರಿಗೆ ಜರ್ಮನರ ಆಯುಧ ಎಲ್ಲಿ ಸಿಗಬೇಕು? ವಾರವಾರ ಈ ಅಂಕಣದಲ್ಲಿ ನಾನು ಕಂಡದ್ದನ್ನೆಲ್ಲ ಅನುಮಾನಿಸುವುದು ನಿಮಗೆ ಗೊತ್ತೇ ಇದೆ. ಆ ಚಟ ಶುರುವಾದದ್ದು ಅಜ್ಜನಿಂದಲೇ.

ಆ ಬಯೊನೆಟ್ ಈಗ ಮಣಿಪಾಲದಲ್ಲಿ ಅಕ್ಕನ ಹತ್ತಿರವಿದೆ. ಕೊರಿಯರ್ ಡಬ್ಬ ಒಡೆಯಲು ಬಳಸುತ್ತಾಳೆ. ಫೋನು ಹಚ್ಚಿ ಸ್ಪೀಕರ್‌ಗೆ ಹಾಕಿದೆ.

"ಅಕ್ಕಾರ, ಅಲಗಿನ ಬುಡದಾಗ ಕಂಪನಿ ಹೆಸರು, ನಂಬರು ಇರ್ತಾವು, ನೋಡ್ರಿ" ಅಂದ ಇಮ್ತಿಯಾಜ್.

"ಎಂತದೂ ಇಲ್ಲ. ಪಳಪಳ ಹೊಳೀತದೆ. ಅಮ್ಮ ಪ್ರತಿ ಆಯುಧಪೂಜೆಗೆ ಹುಣಸೆಹುಳಿ ಹಾಕಿ ತಿಕ್ತಿದ್ರಲ್ಲ!"

ಇಮ್ತಿಯಾಜ್ ಎದೆ ಹಿಡಿದುಕೊಂಡ. "ಹುಣಸೆಹುಳಿ? ನಾವಿಲ್ಲಿ ತುಕ್ಕು ಸೈತ ಮುಟ್ಟಂಗಿಲ್ರೀ! ಜಾತಕಾನ ತೊಳದಾರಲ್ರೀ ನಿಮ್ಮ ತಾಯಾರು!"

ಉಳಿದದ್ದು ಇನ್ನೊಂದು ಪರೀಕ್ಷೆ. ಹಿಡಿಯ ಹತ್ತಿರ, ಬಂದೂಕಿನ ನಳಿಗೆ ತೂರುವ ಉಂಗುರ ಇದೆಯೇ? ಬ್ರಿಟಿಷರದ್ದಕ್ಕೆ ಇರುತ್ತದೆ. ಆ ಯುದ್ಧದ ಜರ್ಮನ್ ಬಯೊನೆಟ್‌ಗೆ ಇರುವುದಿಲ್ಲ.

"ಇದೆ" ಅಂದೆ ನಾನು, ಅಕ್ಕ ಬಾಯಿ ತೆರೆಯುವ ಮೊದಲೇ.

ಆ ಉಂಗುರ ನನಗೆ ಗೊತ್ತಿಲ್ಲವೇ? ಒಂದು ಸಂಜೆ, ಅಜ್ಜನ ತೊಡೆಯ ಮೇಲೆ ಕೂತು ಅದರೊಳಗೆ ಬೆರಳು ತೂರಿಸಿದ್ದೆ. ಕೊಯ್ದುಕೊಂಡೇನೆಂದು ಅಜ್ಜ ನನ್ನ ಬೆರಳ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದರು. ನಶ್ಯದ ವಾಸನೆ. ಬಿಸಿ ಅಂಗೈ. ಅಜ್ಜ ಅಂದರೆ ನನಗೆ ಉಳಿದಿರುವುದು ಅಷ್ಟೇ.

"ಹಂಗಾರ ಬ್ರಿಟಿಷರದು. ಅಜ್ಜಾರು ನಿಮಗ ಕಥಿ ಕಟ್ಟ್ಯಾರ, ಬಿಡ್ರಿ" ಎಂದು ಇಮ್ತಿಯಾಜ್ ನಕ್ಕ.

ಇಷ್ಟು ವರ್ಷ ನಾನೇ ಹೇಳುತ್ತಿದ್ದ ಮಾತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಯಾಕೆ ಅಷ್ಟು ಉರಿಯಿತು?

"ಯಾವ ಉಂಗುರ ಮಾರಾಯ?" ಅಕ್ಕನ ದನಿ. "ನನ್ನ ಕೈಯಲ್ಲೇ ಉಂಟು. ಉಂಗುರವೂ ಇಲ್ಲ, ಬಳೆಯೂ ಇಲ್ಲ."

ವಿಡಿಯೊ ಹಾಕಿಸಿದೆವು. ಇಮ್ತಿಯಾಜ್ ತನ್ನದನ್ನು ಪರದೆಯ ಪಕ್ಕ ಹಿಡಿದ. ಉಂಗುರವಿಲ್ಲ. ಹಿಡಿಯ ತುದಿಯಲ್ಲಿ ಅದೇ ಉದ್ದನೆಯ ತೋಡು, ಬೆನ್ನಿಗೆ ಅದೇ ಉಕ್ಕಿನ ತಗಡು. ಅವಳಿ ಮಕ್ಕಳು.

"ಜರ್ಮನ್ರೀ ಸರ! ಖರೇನ ಹೇಳ್ಯಾರ ಅಜ್ಜಾರು!"

"ಈಗಾದ್ರೂ ನಂಬ್ತೀಯಾ ಪ್ರೊಫೆಸರೇ?" ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು.

ಪೆಟಾಲಿಂಗ್ ಜಯಾದ ನಮ್ಮ ಮನೆಗೆ ಬಂದು ಮಗಳಿಗೆ ಹೇಳಿದೆ. "ಸೋ, ಹೀ ವಾಸ್ ರೈಟ್, ಯೂ ವರ್ ರಾಂಗ್ ಲಾ, ಅಪ್ಪಾ" ಎಂದು ಫೋನಿಗೆ ಮರಳಿದಳು.

ಖುಷಿಪಡಬೇಕಿತ್ತು. ಪಟ್ಟೆ ಕೂಡ. ಅಜ್ಜ ನಿಜ, ಆಫ್ರಿಕಾ ನಿಜ, ಬಯೊನೆಟ್ ನಿಜ. ನಾನು ಬೆರಳು ತೂರಿಸಿದ ಉಂಗುರವೊಂದೇ ಸುಳ್ಳು.

ಹಾಗಾದರೆ ಆ ಬಿಸಿ ಅಂಗೈಯನ್ನು ನಾನು ಈಗ ಯಾವ ಸಂಜೆಯಲ್ಲಿ ಇಟ್ಟುಕೊಳ್ಳಲಿ?