ಮೂವತ್ತೆರಡು ಮಿಲಿಮೀಟರ್ ಸಂದು

ಬೆಳಗಿನ ಆರು ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂಲೆಯ ಸೈಕಲ್ ಅಂಗಡಿಯ ಷಟರ್ ಅರ್ಧ ಮಾತ್ರ ತೆರೆದಿದೆ. ಒಳಗೆ ಅರವತ್ತರ ಹತ್ತಿರದ ಮೆಕ್ಯಾನಿಕ್ ಸ್ಟೂಲ್ ಹತ್ತಿ, ಛಾವಣಿಯ ಕೊಕ್ಕೆಯಲ್ಲಿ ತೂಗುವ ಹಸಿರು ಹೈಬ್ರಿಡ್ ಸೈಕಲ್ಲನ್ನು ಇಳಿಸುತ್ತಾರೆ. ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡಿ ಗಾಳಿ ತುಂಬುತ್ತಾರೆ, ಮತ್ತೆ ಅಲ್ಲೇ ತೂಗುಹಾಕುತ್ತಾರೆ. ಆರು ವರ್ಷದಿಂದ ಆ ಸೈಕಲ್ ಒಂದು ಮಾರು ದೂರವೂ ಓಡಿಲ್ಲ. ವಾರಕ್ಕೊಮ್ಮೆ ಗಾಳಿ ತುಂಬುವುದು ಮಾತ್ರ ತಪ್ಪಿಲ್ಲ.

ಬಡಾವಣೆಯವರಿಗೆ ಇವರು ‘ದಾರಿ ಮಾವ’. ಟೈರ್ ಕೇಳಿಕೊಂಡು ಯಾರೇ ಬರಲಿ, ಬೆಲೆಗಿಂತ ಮೊದಲು ಇವರು ಕೇಳುವುದು ದಾರಿ. ಇವತ್ತಿನ ಮೊದಲ ಗಿರಾಕಿ ಒಬ್ಬರು ನರ್ಸ್. ಸವೆದ ಹಿಂದಿನ ಚಕ್ರವನ್ನು ಕೈಯಲ್ಲೇ ಹಿಡಿದು ತಂದಿದ್ದಾರೆ.

“ಸಣ್ಣ ಟೈರ್ ಹಾಕ್ಕೊಡಿ ಮಾವ. ಹಗುರಾಗಿ ಓಡುತ್ತಂತೆ.”

“ಯಾವ ದಾರಿಲಿ ಹೋಗ್ತೀಯಮ್ಮ?”

“ಟೈರ್ ಕೊಡಿ ಅಂದ್ರೆ ಪೊಲೀಸರ ಥರ ವಿಚಾರಣೆ ಮಾಡ್ತೀರಲ್ಲ” ಎಂದು ನಗುತ್ತಲೇ ಆಕೆ ತನ್ನ ದಾರಿಯನ್ನು ವಿವರಿಸುತ್ತಾರೆ.

ಮಾವ ಹಳೆಯ ಟೈರಿನ ಪಕ್ಕೆಯನ್ನು ಉಜ್ಜಿ, ಮಾಸಿದ 622 ಎಂಬ ಅಂಕಿ ತೋರಿಸುತ್ತಾರೆ. ಅದು ರಿಮ್ಮಿನ ಅಳತೆ. ಅದು ಹೊಂದದಿದ್ದರೆ ಎಂಥ ಟೈರೂ ಕೂರುವುದಿಲ್ಲ. ಆಮೇಲೆ ರಿಮ್ಮಿನ ಒಳ ಅಗಲ ನೋಡುತ್ತಾರೆ, ಟ್ಯೂಬಿನ ವಾಲ್ವ್ ರಿಮ್ಮಿನ ತೂತಿಗೆ ಸರಿಯಾಗಿ ಹೋಗುತ್ತದೆಯೇ ಎಂದು ನೋಡುತ್ತಾರೆ. ಕೊನೆಗೆ ಮೂವತ್ತೆಂಟು ಮಿಲಿಮೀಟರ್ ಅಗಲದ ಟೈರ್ ಕೈಗೆತ್ತಿಕೊಳ್ಳುತ್ತಾರೆ. ಸಣ್ಣದು ಕೊಡುವುದಿಲ್ಲ. ನರ್ಸ್ ಮುಖ ಸಣ್ಣದು ಮಾಡಿಕೊಂಡರೂ ಮಾವ ಜಪ್ಪಯ್ಯ ಅನ್ನುವುದಿಲ್ಲ.

ದಿನಕ್ಕೆ ಐದಾರು ಚಕ್ರ, ಒಂದೊಂದಕ್ಕೆ ಮೂವತ್ತಾರು ಕಡ್ಡಿ. ನಲವತ್ತು ವರ್ಷದಿಂದ ಇದೇ ಕೆಲಸ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಇವರನ್ನು ಸಾಕಿದ್ದು ಅಕ್ಕ. ಅವರು ಟೈಲರ್. ಕೈಯಲ್ಲೇ ಗುಂಡಿಯ ಕಾಜಾ ಹೊಲಿದು ಕೂಡಿಟ್ಟ ಹಣದಲ್ಲಿ ತಮ್ಮನಿಗೆ ಮೊದಲ ಸ್ಪ್ಯಾನರ್ ಸೆಟ್ ಕೊಡಿಸಿದವರೂ ಅವರೇ. ತೂಗುವ ಹಸಿರು ಸೈಕಲ್ ಆ ಅಕ್ಕನದು.

ಆರು ವರ್ಷದ ಹಿಂದೆ ಅದರ ಚಕ್ರ ಸೊಟ್ಟಗಾಗಿ, ಟೈರೂ ಸವೆದಿತ್ತು. ಅಂಗಡಿಯಲ್ಲಿ ಇಪ್ಪತ್ತೆಂಟು ಮಿಲಿಮೀಟರಿನ ಒಂದು ಜೋಡಿ ಟೈರ್ ಯಾರಿಗೂ ಬೇಡವಾಗಿ ಬಿದ್ದಿತ್ತು. “ಹೇಗೂ ಕೂತಿದೆ, ಅಕ್ಕಂಗೆ ಹಾಕೋಣ ಅಂದ್ಕೊಂಡೆ. ಇದು ತೆಳ್ಳಗಿದೆಯಲ್ಲೋ ಅಂದ್ಳು. ವೇಗವಾಗಿ ಓಡುತ್ತೆ, ನಿನಗೇನು ಗೊತ್ತು ಅಂದೆ. ನೀನು ಹೇಳಿದ್ಮೇಲೆ ಮುಗೀತು ಅಂತ ಹತ್ತಿ ಹೋದ್ಳು” ಎಂದು ಮಾವ, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಅಕ್ಕನ ದಾರಿಯಲ್ಲಿ, ತಿರುವಿನಲ್ಲೇ, ಚರಂಡಿಯ ಕಬ್ಬಿಣದ ಜಾಲರಿಯಿದೆ. ಅದರ ಕಂಬಿಗಳು ಅಡ್ಡಕ್ಕಲ್ಲ, ರಸ್ತೆಯ ಉದ್ದಕ್ಕೇ ಇವೆ. ಹಳೆಯ ದಪ್ಪ ಟೈರ್ ಅದರ ಮೇಲೆ ಸಲೀಸಾಗಿ ದಾಟುತ್ತಿತ್ತು. ಹೊಸ ಟೈರ್ ಸಂದಿಗೆ ಇಳಿಯಿತು. ಅಕ್ಕ ಕೈ ಊರಿ ಬಿದ್ದರು. ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿದರೂ ಬೆರಳಿಗೆ ಹಿಡಿತ ಬರಲಿಲ್ಲ. ಈಗ ಅವರ ಕೈಯಲ್ಲಿ ಸೂಜಿಯೂ ನಿಲ್ಲದು, ಬ್ರೇಕೂ ಹಿಡಿಯಲಾಗದು.

“ಮಾರನೇ ದಿನ ಸ್ಕೇಲ್ ತಗೊಂಡು ಹೋಗಿ ಅಳೆದೆ. ಸಂದು ಮೂವತ್ತೆರಡು. ನಾನೂ ದಿನಾ ಅದೇ ದಾರಿಲಿ ಓಡಾಡ್ತಿದ್ದೆ. ಟೈರಿಗೆ ಅಳತೆ, ರಿಮ್ಮಿಗೆ ಅಳತೆ. ರಸ್ತೆ ಅಳೀಬೇಕು ಅಂತ ಹೊಳೀಲೇ ಇಲ್ಲ.”

ಅಂಗಡಿಯ ಹಿಂದಿನ ಗೋಡೆಯಲ್ಲಿ ಈಗ ಸೀಮೆಸುಣ್ಣದ ಸಾಲುಗಳಿವೆ. ಬೀದಿ ಬೀದಿ ಸುತ್ತಿ ಅಳೆದ ಎಂಬತ್ತೊಂದು ಜಾಲರಿಗಳ ಸಂದು ಅಲ್ಲಿದೆ. ಗೋಡೆಯ ಮುಂದೆ ನಿಂತು ಆ ಸಾಲುಗಳನ್ನು ಒಂದೊಂದಾಗಿ ಓದುತ್ತೇನೆ. ಇಷ್ಟು ಶ್ರದ್ಧೆಗೆ ಒಬ್ಬರ ಕೈ ಹೋಗಬೇಕಾಯಿತೇ?

ಹಿಂದಿನ ಬೀದಿಯಲ್ಲಿರುವ ಅಕ್ಕನನ್ನು ಮಾತಾಡಿಸುತ್ತೇನೆ. ಹಿಡಿತವಿಲ್ಲದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡೇ, “ಎತ್ತಿ ಆಡಿಸಿದ ಹುಡುಗ. ಏನಂತ ಬೈಯಲಿ?” ಎನ್ನುತ್ತಾರೆ. ಆದರೆ ಅಂದಿನಿಂದ ಅವರು ತಮ್ಮನ ಅಂಗಡಿಗೆ ಕಾಲಿಟ್ಟಿಲ್ಲ. “ನನ್ನ ಕೈ ನೋಡಿದ ತಕ್ಷಣ ಅವನು ತಲೆ ತಗ್ಗಿಸ್ತಾನೆ. ಅದನ್ನ ನೋಡೋಕಾಗಲ್ಲ.”

ಮರಳಿ ಬಂದು ಇದನ್ನು ಹೇಳಿದರೆ ಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಾರೆ. “ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡ್ಳು. ಬೈದು ಬಿಟ್ಟಿದ್ರೆ ಹಗುರ ಆಗ್ತಿತ್ತು.”

ಅಕ್ಕ ಇನ್ನು ಸೈಕಲ್ ಹತ್ತುವುದಿಲ್ಲ ಎಂದು ಅವರಿಗೆ ಗೊತ್ತು. ಆದರೂ ಹಸಿರು ಸೈಕಲ್ಲಿಗೆ ಅಗಲದ ರಿಮ್, ನಲವತ್ತೆರಡರ ಟೈರ್, ಹೊಸ ಟ್ಯೂಬ್ ಹಾಕಿದ್ದಾರೆ. ಯಾರೂ ಓಡಿಸದ ಸೈಕಲ್ಲಿಗೆ ಗಾಳಿ ಯಾಕೆ ಎಂದು ಕೇಳುತ್ತೇನೆ.

“ಆವತ್ತು ಹಾಕ್ಬೇಕಾಗಿದ್ದ ಟೈರ್ ಇದು” ಎನ್ನುತ್ತಾರೆ. “ಅಕ್ಕ ಒಂದು ಸಲ ಬಂದು, ಆ ಎಡಗೈಲಾದ್ರೂ ಒತ್ತಿ ನೋಡ್ಲಿ. ಅವಳು ಬಂದ ದಿನ ಮೆತ್ತಗಿರಬಾರದು.”