ಇಲ್ಲದ ಲಾಂದ್ರದ ಕಂಬದ ಹತ್ತಿರ ಇಳಿದೆ

ಊರಿನಲ್ಲಿ ಇಲ್ಲದ್ದನ್ನೇ ಗುರುತು ಹೇಳಿ ನಿಮ್ಮನ್ನು ಯಾರಾದರೂ ಅಲೆಸಿದ್ದಾರಾ? ನನಗೆ ಹೋದ ಭಾನುವಾರ ಕೊಪ್ಪಳದಲ್ಲಿ ಹಾಗಾಯಿತು.

ತಮ್ಮನ ಮಗನ ನಿಶ್ಚಿತಾರ್ಥ. ಹುಡುಗಿಗೆ ಸೀರೆ ಕೊಟ್ಟು ಉಡಿ ತುಂಬಬೇಕಾದವಳು ಸೋದರತ್ತೆ, ಅಂದರೆ ನಾನು. ಮುಹೂರ್ತ ಹನ್ನೆರಡರೊಳಗೆ. ಮನೆಯವರೆಲ್ಲ ಹಿಂದಿನ ದಿನವೇ ಹೋಗಿದ್ದರು. ಟೇಲರ್ ಸೀರೆಗೆ ಫಾಲ್ ಹಚ್ಚಿರಲಿಲ್ಲ, ಅದಕ್ಕಾಗಿ ನಾನೊಬ್ಬಳು ಯಲಬುರ್ಗಾದಲ್ಲಿ ಉಳಿದೆ. ಬೆಳಿಗ್ಗೆ ಬಸ್ಸಿನಲ್ಲಿ ಆಧಾರ್ ತೋರಿಸಿದ್ದಕ್ಕೆ ಟಿಕೆಟ್ ಪುಕ್ಕಟೆ ಸಿಕ್ಕಿತು, ಸೀಟು ಸಿಗಲಿಲ್ಲ. ಸೀರೆಯ ಚೀಲ ಅವಚಿಕೊಂಡು ಕುಕನೂರಿನವರೆಗೆ ನಿಂತೇ ಬಂದೆ. ಕೊಪ್ಪಳ ಮುಟ್ಟಿದಾಗ ಹನ್ನೊಂದು, ನೆತ್ತಿ ಕಾದಿತ್ತು.

ಬೀಗರು ಫೋನಿನಲ್ಲಿ ದಾರಿ ಹೇಳಿದ್ದರು: "ಹಳೇ ಚೌಕದಾಗ ಲಾಂದ್ರದ ಕಂಬದ ಹತ್ರ ಇಳೀರಿ ಅಕ್ಕಾರ. ಕುದ್ರಿ ತೊಟ್ಟಿ ಬಲಕ್ಕ ಬಿಟ್ಟು ನಾಕಾ ದಾಟಿದ್ರ ನಮ್ಮ ಮನಿ."

ಆಟೋದವ ಅರವತ್ತು ರೂಪಾಯಿ ತೆಗೆದುಕೊಂಡು ಚೌಕದಲ್ಲಿ ಇಳಿಸಿ ಹೋದ. ಕಂಬವಿಲ್ಲ, ತೊಟ್ಟಿಯಿಲ್ಲ, ನಾಕಾ ಇಲ್ಲ. ಸುತ್ತ ಮೊಬೈಲ್ ಅಂಗಡಿಗಳು, ನಟ್ಟನಡುವೆ ಮಲಗಿದ ಒಂದು ಎಮ್ಮೆ. ಬೀಗರು ಫೋನು ಎತ್ತಲಿಲ್ಲ. ಬಾಳೆಹಣ್ಣು ಮಾರುವವಳನ್ನು ಕಂಬ ಎಲ್ಲಿ ಎಂದು ಕೇಳಿದರೆ ಎಮ್ಮೆಯ ಕಡೆ ಕೈ ತೋರಿಸಿದಳು.

"ಅದು ಎಮ್ಮಿ ಅಲ್ಲೇನವಾ?"

"ಈಗ ಎಮ್ಮಿ ಬಿಡ್ರಿ. ನಮ್ಮತ್ತಿ ಕಾಲಕ್ಕ ಅಲ್ಲೇ ಕಂಬ ಇತ್ತು."

ಮೂರು ಸಲ ಚೌಕ ಸುತ್ತಿ, ಸೈಕಲ್ ಅಂಗಡಿಯ ಮುದುಕರೊಬ್ಬರ ಮುಂದೆ ನಿಂತು ಬೀಗರ ಮನೆ ಕೇಳಿದೆ. ಅವರು ದಾರಿ ಬಿಟ್ಟು ಚರಿತ್ರೆ ಶುರುಮಾಡಿದರು. ನಿಜಾಮರ ಕಾಲದಲ್ಲಿ ಸಂಜೆಯಾದರೆ ಒಬ್ಬ ಏಣಿ ಹೊತ್ತು ಬಂದು ಲಾಂದ್ರ ಹಚ್ಚುತ್ತಿದ್ದನಂತೆ. ಅಧಿಕಾರಿಗಳ ಕುದುರೆಗಳು ಕಲ್ಲಿನ ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದವಂತೆ. ಸಂತೆಗೆ ಬಂದ ಗಾಡಿಗಳಿಗೆ ನಾಕಾದಲ್ಲಿ ಸುಂಕ. ಕರೆಂಟು ಬಂತು, ಕಂಬ ಹೋಯಿತು. ರಸ್ತೆ ಅಗಲವಾಯಿತು, ತೊಟ್ಟಿ ಹೋಯಿತು. ನಾಕಾ ಹೇಗೆ ಹೋಯಿತು ಎಂದು ಹೇಳಲು ಅವರು ಚಹಾ ತರಿಸಹೊರಟರು.

"ಅಜ್ಜಾರ, ಚಹಾ ಆಮ್ಯಾಗ. ಇನ್ನ ಹದಿನೈದು ನಿಮಿಷಕ್ಕ ನಾನು ಉಡಿ ತುಂಬ್ಬೇಕು."

"ಮೊದ್ಲ ಹೇಳಬಾರ್ದೇನವಾ" ಎಂದು ನನ್ನನ್ನೇ ಬೈದು ಎದ್ದರು. ಮುಂದೆ ಅವರು, ಹಿಂದೆ ನಾನು. ಸಪಾಟು ಡಾಂಬರಿನ ಮೇಲೆ ಹೋಗುತ್ತಿದ್ದವರು ಥಟ್ಟನೆ ಎಡಕ್ಕೆ ಸರಿದು, ದೊಡ್ಡದೇನನ್ನೋ ಬಳಸಿದಂತೆ ಸುತ್ತಿ ಹೋದರು. ನಾನು ನೇರ ಹೊರಟೆ.

"ತೊಟ್ಟಿ ಐತಿ, ಈ ಕಡೆ ಬರ್ರಿ" ಎಂದರು, ತಿರುಗಿ ಕೂಡ ನೋಡದೆ.

ಅವಸರದಲ್ಲೂ ನಾನು ಸುತ್ತಿಯೇ ಹೋದೆ. ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಹುಡುಗಿಯ ಕೈಗೆ ಸೀರೆ ಕೊಟ್ಟೆ. ಬೀಗರು ಮಾತ್ರ, ಅಷ್ಟು ಸಲೀಸು ಗುರುತು ಹೇಳಿದರೂ ತಡವೇಕೆ ಎಂದು ಕೇಳಿದರು. ಹೋಳಿಗೆ ಛಲೋ ಇತ್ತು, ಇನ್ನೊಂದು ಹಾಕಿಸಿಕೊಂಡೆ.

ಸಂಜೆ ಯಲಬುರ್ಗಾದಲ್ಲಿ ಬಸ್ಸಿಳಿದಾಗ, ಊರಿಗೆ ಹೊಸದಾಗಿ ಬಂದ ಟೀಚರಮ್ಮ ಒಬ್ಬಳು ಸೂಟ್‌ಕೇಸ್ ಹಿಡಿದು ಹಾಸ್ಟೆಲ್ ದಾರಿ ಕೇಳಿದಳು. ಹುಣಸೆ ಗಿಡದ ಹಿಂದೆಯೇ ಎಂದು ಹೇಳಿ ಕಳಿಸಿದೆ. ಮನೆ ಮುಟ್ಟಿ ಬಾಗಿಲ ಕೀಲಿ ತೆಗೆಯುವಾಗ ನೆನಪಾಯಿತು, ಆ ಗಿಡ ಬಿದ್ದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಓಡಿಹೋಗಿ ನೋಡಿದರೆ ಪಾಪ, ತಲೆ ಎತ್ತಿ ಆಕಾಶ ನೋಡುತ್ತಾ ನಿಂತಿದ್ದಳು.

ನಿಮ್ಮೂರಿನ ಚೌಕದಲ್ಲಿ ಇಲ್ಲದಿದ್ದರೂ ಜನ ಇನ್ನೂ ಸುತ್ತಿಹೋಗುವುದು ಯಾವುದನ್ನು? ಕೆಳಗೆ ಬರೆಯಿರಿ, ನಿಮ್ಮೂರಿಗೆ ಬಂದಾಗ ನಾನು ಎಡವುವುದು ತಪ್ಪುತ್ತದೆ.