ಅಕ್ಕ ಬೆರಳಲ್ಲಿ ಹೇಳಿದ ಪದ್ಯ

ಮೊನ್ನೆ ಜೀಡಿಮೆಟ್ಲಾ ದಾಟುವಾಗ ಬಸ್ಸಿನ ಕಿಟಕಿಯಿಂದ ಔಷಧಿ ಕಾರ್ಖಾನೆಗಳ ಕಟು ವಾಸನೆ ಒಳನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಮೇಲಿನ ಮನೆಯ ಅಕ್ಕ ನೆನಪಾದರು... ಆ ವಾಸನೆಯ ನಡುವೆಯೇ ನಾವು ಬಾಡಿಗೆಗಿದ್ದೆವು.

ಅಕ್ಕನದು ಕಲಬುರಗಿ ಕಡೆ. ಗಂಡ ಜೀಡಿಮೆಟ್ಲಾದಲ್ಲೇ ಒಂದು ಕಾರ್ಖಾನೆಯಲ್ಲಿದ್ದರು. ಬಾಯ್ಲರ್ ಸಿಡಿದು ತೀರಿಕೊಂಡರು. ಆಮೇಲೆ ಅಕ್ಕ ಮಕ್ಕಳಿಗೆ ಪಾಠ ಹೇಳುತ್ತಾ ಒಬ್ಬರೇ ಉಳಿದರು. ನಾನು ಮನೆಯಲ್ಲೇ ಓದಿಕೊಂಡು ಕನ್ನಡ ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ಹೊರಗೆಲ್ಲ ತೆಲುಗು, ಹಿಂದಿ. ಛಂದಸ್ಸು ಹೇಳಿಕೊಡಲು ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಒಂದು ದಿನ ಸ್ಲೇಟಿನ ಮೇಲೆ ನಾಲ್ಕು ಸಾಲಿನ ಪದ್ಯ ಬರೆದು, ಇದರ ರೂಪ, ಛಂದಸ್ಸು, ಭಾವ ಬಿಡಿಸಿ ಹೇಳು ಎಂದರು. ಮೊದಲೆರಡು ಸಾಲು ಹೀಗಿದ್ದವು:

ಸಂಜೆ ಬಾಗಿಲ ತೆರೆದು ಕೂತೆನು
ಯಾರು ಬಾರರು ಎಂದು ತಿಳಿದೂ

ಲಘು ಗುರು ಹಾಕಿದೆ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ... ಭಾಮಿನಿಯ ನಡೆ, ಆದರೆ ಷಟ್ಪದಿಯ ಆರು ಸಾಲಿಲ್ಲ, ಪ್ರಾಸವೂ ಇಲ್ಲ. ಭಾವ ಶಾಂತ ಎಂದೆ.

"ಶಾಂತ ಅಲ್ಲ ತಂಗಿ. ಅತ್ತು ಅತ್ತು ದಣದಾಳ ಆಕಿ. ಕಡೀಗೆ ಆ 'ದೂ' ಐತಲ್ಲ, ಅದನ್ನ ಎಳದು ಓದು. ಅಲ್ಲೇ ಆಕಿ ಉಸರು ಸಿಕ್ಕೊಂಡೈತಿ."

"ಯಾರು ಬರದದ್ದರೀ ಅಕ್ಕಾ?"

"ನಾನ ಬರದೀನಿ."

ಅಷ್ಟೇ ಹೇಳಿ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿಬಿಟ್ಟರು. ಬರೆದುಕೊಳ್ಳುತ್ತೇನೆ ಎಂದರೂ ಕೇಳಲಿಲ್ಲ. "ಬ್ಯಾಡವಾ, ಬಾಯಾಗ ಇರಲಿ."

ಪರೀಕ್ಷೆ ಮುಗಿಯಿತು, ಮದುವೆಯಾಗಿ ನಾನು ಅದೇ ನಗರದ ಮಾದಾಪುರದ ಕಡೆ ಹೋದೆ. ಕೆಲವು ವರ್ಷಗಳ ಮೇಲೆ ಅಕ್ಕನಿಗೆ ಲಕ್ವಾ ಹೊಡೆದಿದೆ ಎಂದು ಕೇಳಿ ಆಸ್ಪತ್ರೆಗೆ ಓಡಿದೆ. ಬಲಗೈ ಬಿದ್ದಿತ್ತು, ಮಾತು ಪೂರ್ತಿ ಹೋಗಿತ್ತು. ನನ್ನನ್ನು ಗುರುತಿಸಿ ಕಣ್ಣು ತುಂಬಿಕೊಂಡರು. ನಾನು ಪಕ್ಕದಲ್ಲಿ ಕೂತು ಆ ಪದ್ಯವನ್ನೇ ಹೇಳತೊಡಗಿದೆ. ಅವರ ಎಡಗೈ ಬೆರಳು ಹಾಸಿಗೆಯ ಮೇಲೆ ಮಾತ್ರೆ ತಟ್ಟಿತು. ಎರಡು ಸಾಲು ಆಯಿತು... ಮೂರನೆಯದು ನಾಲಿಗೆಗೆ ಬರಲೇ ಇಲ್ಲ.

"ಮುಂದಿಂದು ಮರತೀನ್ರೀ ಅಕ್ಕಾ," ಎಂದೆ.

ಅವರ ತುಟಿ ಅಲುಗಿತು. ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ಕಡೆಗೆ ನನ್ನ ಅಂಗೈ ಎಳೆದುಕೊಂಡು ಉಳಿದೆರಡು ಸಾಲುಗಳನ್ನು, ಲಘುವಿಗೆ ತಟ್ಟಿ ಗುರುವಿಗೆ ಒತ್ತಿ, ಬೆರಳಿನಿಂದಲೇ ಮುಗಿಸಿದರು. ಕೊನೆಯ ಗುರುವಿನಲ್ಲಿ ಬೆರಳನ್ನು ಒತ್ತಿ ಹಿಡಿದವರು ಬಹಳ ಹೊತ್ತು ಎತ್ತಲಿಲ್ಲ.

ಆ ವಾರವೇ ಹೋದರು.

ಈಗ ನಾನೂ ಛಂದಸ್ಸು ಕಲಿಸುತ್ತೇನೆ. ಅಕ್ಕನ ಆ ಕೊನೆಯ ಎರಡು ಸಾಲುಗಳಲ್ಲಿ ಎಷ್ಟು ಮಾತ್ರೆ, ಎಲ್ಲಿ ಗುರು ಎಂದು ಇವತ್ತಿಗೂ ಹೇಳಬಲ್ಲೆ. ಅಲ್ಲಿ ಅವರು ಏನು ಹೇಳಿದ್ದರು ಎಂಬುದು ಮಾತ್ರ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.